ಫಿಲ್ಮ್ ನೋಡುವ ಮೊದಲು ಕಾಲು ನೋಡು

ಮಗಾ, ಕೆರೆಬಿಳಚಿಯಂಥ ಊರಲ್ಲಿ ಭತ್ತದ ಚೀಲ ಎತ್ತುವವನಿಗೂ ಟ್ರ್ಯಾಕ್ಟರ್ ಓಡಿಸುವವನಿಗೂ ಸೊಂಟವೇ ಬಂಡವಾಳ. ಅದು ಹಿಡಿದುಕೊಂಡು, ನೋವು ಪಾದದವರೆಗೆ ಜಗ್ಗತೊಡಗಿದರೆ ಹೆದರಿಕೆ ಸಹಜ. ಹಾಗಂತ ಸ್ಕ್ಯಾನಿಂಗ್ ಫಿಲ್ಮ್ ಕೈಗೆ ಬಂದ ದಿನವೇ ‘ಸಣ್ಣ ತೂತಿನ ಆಪರೇಷನ್ ಅಂತೆ, ಮಾಡಿಸಿಬಿಡ್ತೀನಿ’ ಅಂತ ದಾವಣಗೆರೆ ಬಸ್ಸು ಹತ್ತಬೇಡ.

ಬೆನ್ನುಮೂಳೆಯ ಮಣಿಗಳ ನಡುವೆ ಇರುವ ಮೆತ್ತೆಯೇ ಡಿಸ್ಕ್. ಅದರ ಹೊರಪದರ ಹರಿದು, ಒಳಗಿನ ತಿರುಳು ಹೊರಬಂದು ನರ ಒತ್ತಿದರೆ ಕಾಲು ನೋಯುತ್ತದೆ. ಹೆಚ್ಚಿನವರಿಗೆ ಇದು 6ರಿಂದ 12 ವಾರಗಳಲ್ಲಿ ತಗ್ಗುತ್ತದೆ. ಹೊರಬಂದ ತಿರುಳನ್ನು ಎಷ್ಟೋ ಸಲ ಮೈಯೇ ಕರಗಿಸಿಕೊಳ್ಳುತ್ತದೆ. 1994ರಲ್ಲಿ ಅಮೆರಿಕದ ವೈದ್ಯರು ಬೆನ್ನುನೋವೇ ಇಲ್ಲದ 98 ಜನರ ಎಂಆರ್‌ಐ ತೆಗೆದರು. ಅರ್ಧಕ್ಕಿಂತ ಹೆಚ್ಚು ಮಂದಿಯ ಡಿಸ್ಕ್ ಉಬ್ಬಿತ್ತು! ಆದ್ದರಿಂದ ಫಿಲ್ಮ್ ಒಂದನ್ನೇ ನಂಬಬೇಡ.

ನೋವಿದ್ದರೂ ಕಾಲಲ್ಲಿ ಬಲವಿದೆಯೇ? ಹಾಗಾದರೆ ಮಾತ್ರೆ, ಫಿಸಿಯೋಥೆರಪಿ ಮಾಡಿನೋಡು. ಚೀಲ ಎತ್ತಬೇಡ, ಹಾಸಿಗೆಯನ್ನೂ ಹಿಡಿಯಬೇಡ; ಆದಷ್ಟು ನಡೆದಾಡು. ಯಾರೋ ಹೇಳಿದರೆಂದು ಸೊಂಟ ತುಳಿಸಿಕೊಳ್ಳಬೇಡ. ಪಾದ ಎತ್ತಲಾಗದೆ ಚಪ್ಪಲಿ ಜಾರತೊಡಗಿದರೆ ಮಾತ್ರ ದಿನ ತಳ್ಳಬೇಡ. ತೊಡೆಸಂದು ಜೋಮು ಹಿಡಿದು, ಮೂತ್ರ ಕಟ್ಟಿದರೆ ಅಥವಾ ತಿಳಿಯದೆ ಹೋದರೆ ನಡುರಾತ್ರಿಯಾದರೂ ಸರಿ, ದೊಡ್ಡಾಸ್ಪತ್ರೆಗೆ ಓಡು.

ಆಪರೇಷನ್ನಿಗೆ ಅಂಜಬೇಕಿಲ್ಲ. 1977ರಲ್ಲಿ ಯಾಸರ್ಗಿಲ್, ಕಾಸ್ಪರ್ ಎಂಬ ವೈದ್ಯರು ಸೂಕ್ಷ್ಮದರ್ಶಕ ಇಟ್ಟುಕೊಂಡು ಡಿಸ್ಕ್ ಆಪರೇಷನ್ ಮಾಡುವ ಕ್ರಮವನ್ನು ಪ್ರಕಟಿಸಿದರು. ಈಗ ಎಂಡೋಸ್ಕೋಪ್ ಎಂಬ ಕ್ಯಾಮೆರಾ ಕೊಳವೆಗೆ ಒಂದು ಸೆಂಟಿಮೀಟರಿನಷ್ಟು ಗಾಯ ಸಾಕು. ಸೂಳೆಕೆರೆ ತೂಬಿಗೆ ಕಸ ಸಿಕ್ಕರೆ ಏರಿ ಒಡೆಯುತ್ತೇವೆಯೇ? ಕಸ ತೆಗೆಯುತ್ತೇವೆ. ಇಲ್ಲಿಯೂ ನರ ಒತ್ತುವ ಚೂರನ್ನಷ್ಟೇ ತೆಗೆಯುವುದು. 2007ರ ನೆದರ್ಲೆಂಡ್ಸ್ ಅಧ್ಯಯನದಲ್ಲಿ ಬೇಗ ಆಪರೇಷನ್ ಮಾಡಿಸಿಕೊಂಡವರ ಕಾಲುನೋವು ಬೇಗ ಇಳಿಯಿತು. ವರ್ಷ ತುಂಬುವಾಗ ಕಾದವರೂ ಅವರಷ್ಟೇ ಚೇತರಿಸಿಕೊಂಡಿದ್ದರು. ಕಾಯುವ ಶಕ್ತಿಯಿದ್ದರೆ ಕಾಯು. ವಾರಗಟ್ಟಲೆ ಕಾದರೂ ನೋವು ಬಗ್ಗದೆ, ಕೂಲಿ ತಪ್ಪಿ ಮನೆ ನಡೆಯದಿದ್ದರೆ ಮಾಡಿಸಿಕೋ, ತಪ್ಪಿಲ್ಲ.

ಒಪ್ಪುವ ಮೊದಲು ಡಾಕ್ಟರನ್ನು ಕೇಳು: ಯಾವ ನರ ಒತ್ತಿದೆ? ನನ್ನ ನೋವು ಅದರದ್ದೇನಾ? ಕಾದರೆ ಏನಾಗುತ್ತದೆ? ಬಿಪಿಎಲ್ ಕಾರ್ಡಿದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಂಟು. ನಿನ್ನ ಆಪರೇಷನ್ ಅದರಲ್ಲಿ ಬರುತ್ತದೆಯೇ ಎಂದು ಸರ್ಕಾರಿ ಆಸ್ಪತ್ರೆಯಲ್ಲಿ ಮೊದಲೇ ವಿಚಾರಿಸು. ಮತ್ತೆ, ಚರ್ಮದ ಗಾಯ ವಾರದಲ್ಲಿ ಮಾಯಿತೆಂದು ಚೀಲಕ್ಕೆ ಹೆಗಲು ಕೊಡಬೇಡ. ಅದೇ ಡಿಸ್ಕ್ ಮತ್ತೆ ಜಾರುವುದುಂಟು. ಯಾವಾಗ ಎತ್ತಬೇಕೆಂದು ಡಾಕ್ಟರ್ ಹೇಳಲಿ, ಮೇಸ್ತ್ರಿಯಲ್ಲ.