ಲಾರಿ ಬ್ರೋಕರ್ ಆಗುವ ಮುನ್ನ

ಹಾಸನ ಕಡೆಯ ಹಸಿಶುಂಠಿಗೆ ಲಾರಿ ಹೊಂದಿಸಿಕೊಡುವುದು ಕೃಷಿಯ ಜೊತೆಗೆ ನನ್ನ ಉಪವೃತ್ತಿ. ಸ್ವಂತ ಲಾರಿ ಬೇಡ, ನಂಬಿಕೆಯೇ ಬಂಡವಾಳ. ಮಂಗಳೂರಿನಿಂದ ಗೊಬ್ಬರ ತಂದಿಳಿಸಿ ಖಾಲಿ ಮರಳುವ ಲಾರಿ ಸಿಕ್ಕರೆ ಆ ಕಡೆಗೆ ಬಾಡಿಗೆ ಅಗ್ಗ. ಹಾಗಾಗಿ ಮೊದಲು ಡ್ರೈವರ್‌ಗಳ ಪರಿಚಯ ಮಾಡಿಕೊಳ್ಳಿ.

ಲೋಡಿಗೆ ಮುನ್ನ ಆರ್‌ಸಿ, ಇನ್ಶೂರೆನ್ಸ್, ಎಫ್‌ಸಿ, ಪರ್ಮಿಟ್, ಡ್ರೈವರ್ ಲೈಸೆನ್ಸ್ ನೋಡಲೇಬೇಕು. ಮಾಲಿಕರಿಗೆ ಫೋನ್ ಮಾಡಿ ಲಾರಿ ಅವರದೇ ಎಂದು ಖಾತ್ರಿ ಮಾಡಿಕೊಳ್ಳುತ್ತೇನೆ. ತೂಕ, ಬಾಡಿಗೆ, ಅಡ್ವಾನ್ಸ್, ಹಮಾಲಿ ಯಾರ ಲೆಕ್ಕ, ಬಾಕಿ ಯಾರು ಕೊಡೋದು - ಎಲ್ಲ ಚೀಟಿಯಲ್ಲಿ ಬರೆದು ಇಬ್ಬರಿಗೂ ಕೊಡಿ. ಬಾಕಿ ಏನಿದ್ದರೂ ಮಾಲು ಇಳಿದ ಮೇಲೆಯೇ.

ಸರಕು ರಸೀತಿ ಕೊಟ್ಟು ಸಾಗಿಸುವ ಬ್ರೋಕರೂ 2007ರ ರಸ್ತೆ ಸಾಗಣೆ ಕಾಯಿದೆಯಂತೆ ನೋಂದಣಿ ಮಾಡಿಸಬೇಕು.

ಲಾರಿ ದಾರೀಲಿ ಕೆಟ್ಟು ನಿಂತರೆ ಚೀಲದೊಳಗಿನ ಶುಂಠಿ ಬಿಸಿಯಾಗಿ ಕೊಳೆಯುತ್ತದೆ. ಆಗ ಬದಲಿ ಲಾರಿ ಕಳಿಸಬಲ್ಲವನನ್ನೇ ರೈತರು ಮತ್ತೆ ಕರೆಯೋದು.