ಗಂಟೆ ಹೊಡೆಯುವವರು ಯಾರು?

ಮನೆಭೇಟಿಗೆ ಹೋಗಿದ್ದಾಗ ನಮ್ಮ ಧರ್ಮಕೇಂದ್ರದ ಒಬ್ಬ ತಾಯಿ ತಮ್ಮ ಬೇಸರವನ್ನು ತೋಡಿಕೊಂಡರು. "ಸ್ವಾಮಿ, ನಾನು ಪಕ್ಕದಲ್ಲಿ ಕೂತರೆ ಮಾತ್ರ ಇವನು ಓದ್ತಾನೆ. ಒಲೆ ಮೇಲೆ ಹಾಲಿದೆ ಅಂತ ಎದ್ದುಹೋದ್ರೆ ಸಾಕು, ಪೆನ್ನು ಕೆಳಗಿಡ್ತಾನೆ." ಮಗನಿಗೆ ಹನ್ನೆರಡು ವರ್ಷ. ತಂದೆಗೆ ಮೇಲಿಂದ ಮೇಲೆ ವರ್ಗಾವಣೆ. ಮೂರು ಶಾಲೆ ಬದಲಾಯಿಸಿದ ಮೇಲೆ, ಎರಡು ವರ್ಷಗಳಿಂದ ಮನೆಯಲ್ಲೇ ಪಾಠ. ಗೋಡೆಯ ಮೇಲೆ ತಾಯಿಯೇ ಬಣ್ಣದ ಪೆನ್ನಿನಲ್ಲಿ ಬರೆದ ವೇಳಾಪಟ್ಟಿ ಇತ್ತು. ಸೋಮವಾರದಿಂದ ಶುಕ್ರವಾರದವರೆಗೆ ಅರ್ಧ ಅರ್ಧ ಗಂಟೆಯ ಮನೆಗಳು, ಒಂದೂ ಖಾಲಿ ಇಲ್ಲ. ನಾನು ಹುಡುಗನನ್ನು ಕೇಳಿದೆ: "ಈ ವಾರ ಏನೇನು ಓದಬೇಕು ಮರಿ?" ಅವನು ಉತ್ತರ ಕೊಡಲಿಲ್ಲ. ತಾಯಿಯ ಮುಖ ನೋಡಿದ.

ತೊಂದರೆ ಇದ್ದದ್ದು ಆ ನೋಟದಲ್ಲಿ. ಹುಡುಗ ಸೋಮಾರಿಯಲ್ಲ. ತನ್ನ ಓದು ತನ್ನದೆಂದು ಅವನಿಗೆ ಯಾರೂ ಹೇಳಿರಲಿಲ್ಲ, ಅಷ್ಟೆ.

ಶಾಲೆಯಲ್ಲಿ ಯಾವ ಹೊತ್ತಿಗೆ ಯಾವ ಪಾಠ, ಯಾವಾಗ ಪುನರಾವರ್ತನೆ, ಯಾವಾಗ ಪರೀಕ್ಷೆ ಎಂಬುದನ್ನೆಲ್ಲ ಗಂಟೆ ತೀರ್ಮಾನಿಸುತ್ತದೆ. ಮನೆಯಲ್ಲಿ ಗಂಟೆ ಇಲ್ಲ. ಆದ್ದರಿಂದ ತಾಯಿಯೇ ಗಂಟೆಯಾಗಿಬಿಡುತ್ತಾಳೆ. ಗಂಟೆಯ ಅಧೀನದಲ್ಲಿ ಬೆಳೆದವರ ಪಾಡು ನನಗೆ ಚೆನ್ನಾಗಿ ಗೊತ್ತು. ಗುರುಮಠದಲ್ಲಿ ಏಳಲು, ಪ್ರಾರ್ಥನೆಗೆ, ಓದಲು, ಆಡಲು, ಮಲಗಲು, ಎಲ್ಲಕ್ಕೂ ಗಂಟೆ ಇತ್ತು. ತತ್ವಶಾಸ್ತ್ರ, ದೈವಶಾಸ್ತ್ರಗಳಲ್ಲಿ ಒಳ್ಳೆಯ ಅಂಕ ಪಡೆದು ಹೊರಬಂದ ನಾನು, ಧರ್ಮಕೇಂದ್ರದ ಮೊದಲ ವರ್ಷ ಶನಿವಾರ ರಾತ್ರಿ ಹನ್ನೊಂದಕ್ಕೆ ಭಾನುವಾರದ ಪ್ರಬೋಧನೆ ಬರೆಯಲು ಕೂರುತ್ತಿದ್ದೆ. ಓದುವುದು ನನಗೆ ಬರುತ್ತಿತ್ತು. ಯಾವಾಗ ಓದಬೇಕೆಂದು ನಾನೇ ನಿರ್ಧರಿಸುವುದು ಬರುತ್ತಿರಲಿಲ್ಲ. ಇವು ಎರಡು ಬೇರೆ ವಿದ್ಯೆಗಳು.

ಇದು ಹೊಸ ಮಾತಲ್ಲ. ಎಳೆಯರು ಗಣಿತದಲ್ಲಿ ನಿಪುಣರಾಗಬಹುದು, ಆದರೆ ವಿವೇಕಿಗಳಾಗುವುದು ಕಷ್ಟ, ಏಕೆಂದರೆ ವಿವೇಕಕ್ಕೆ ಅನುಭವ ಬೇಕು ಎಂದು ಅರಿಸ್ಟಾಟಲ್ ತನ್ನ ನೀತಿಶಾಸ್ತ್ರ ಗ್ರಂಥದಲ್ಲಿ ಹೇಳಿದ್ದಾನೆ. ಹದಿಮೂರನೆಯ ಶತಮಾನದ ಸಂತ ತೋಮಸ್ ಅಕ್ವಿನಾಸರು ಅದನ್ನು ಮುಂದುವರಿಸಿ, ವಿವೇಕದಲ್ಲಿ ಮೂರು ಕೆಲಸಗಳನ್ನು ಗುರುತಿಸಿದರು. ಮೊದಲು ಆಲೋಚಿಸುವುದು, ಆಮೇಲೆ ತೀರ್ಮಾನಿಸುವುದು, ಕೊನೆಗೆ ತೀರ್ಮಾನಿಸಿದ್ದನ್ನು ಮಾಡುವಂತೆ ತನಗೆ ತಾನೇ ಆಜ್ಞಾಪಿಸಿಕೊಳ್ಳುವುದು. ಈ ಮೂರನೆಯದೇ ಮುಖ್ಯ ಎಂಬುದು ಅವರ ಅಭಿಪ್ರಾಯ. ಗೋಡೆಯ ಮೇಲಿನ ಆ ಸುಂದರ ಪಟ್ಟಿಯನ್ನು ಇದಕ್ಕೆ ಹೋಲಿಸಿ ನೋಡಿ. ಆಲೋಚಿಸಿದವರು ತಾಯಿ, ತೀರ್ಮಾನಿಸಿದವರು ತಾಯಿ, ಆಜ್ಞೆ ಕೊಡುವವರೂ ತಾಯಿ. ಮಗನಿಗೆ ಉಳಿದದ್ದು ಪಾಲಿಸುವುದು ಮಾತ್ರ. ವಿಧೇಯತೆ ಒಳ್ಳೆಯ ಗುಣವೇ. ಆದರೆ ವರ್ಷಗಟ್ಟಲೆ ಪಾಲಿಸಿದ ಮಾತ್ರಕ್ಕೆ ಯೋಜಿಸುವುದು ಬಂದುಬಿಡುವುದಿಲ್ಲ.

ಹಾಗೆಂದು ನಾಳೆಯೇ ಪಟ್ಟಿ ಕಿತ್ತುಹಾಕಿ "ಇನ್ನು ನೀನೇ ನೋಡಿಕೋ" ಎಂದರೆ ಅದು ಸ್ವಾತಂತ್ರ್ಯವಲ್ಲ, ಕೈಬಿಟ್ಟಂತೆ. ಸ್ವಲ್ಪ ಸ್ವಲ್ಪವಾಗಿ ಬಿಟ್ಟುಕೊಡಬೇಕು. ಏಳೆಂಟು ವರ್ಷದ ಮಗುವಿಗೆ ಮೂರು ಕೆಲಸ ಕೊಟ್ಟು, ಯಾವುದು ಮೊದಲು ಎಂಬುದನ್ನು ಅದಕ್ಕೇ ಬಿಡಿ. ಆ ವಯಸ್ಸಿಗೆ ಅಷ್ಟು ಸಾಕು. 1939ರಲ್ಲಿ ಭಾರತಕ್ಕೆ ಬಂದು ಯುದ್ಧದ ವರ್ಷಗಳನ್ನು ಇಲ್ಲೇ ಕಳೆದ ಮರಿಯಾ ಮಾಂಟೆಸ್ಸೊರಿ ತಮ್ಮ ಮಕ್ಕಳ ಮನೆಗಳಲ್ಲಿ ಮಾಡಿದ್ದೂ ಇದನ್ನೇ. ಸಾಮಗ್ರಿಗಳನ್ನು ಸಿದ್ಧಪಡಿಸುವವರು ದೊಡ್ಡವರು, ಅವುಗಳಲ್ಲಿ ಆರಿಸಿಕೊಳ್ಳುವುದು ಮಗು. ಹತ್ತರ ಹೊತ್ತಿಗೆ ಒಂದು ದಿನದ ಪಟ್ಟಿ, ಹನ್ನೆರಡಕ್ಕೆ ಒಂದು ವಾರದ್ದು. ವಯಸ್ಸಿನ ಲೆಕ್ಕ ಕರಾರುವಾಕ್ಕಾಗಿ ಬೇಡ, ನಿಮ್ಮ ಮಗುವನ್ನು ನೋಡಿ ನಡೆಯಿರಿ.

ಆ ತಾಯಿಗೆ ನಾನು ಹೇಳಿದ್ದು ಇಷ್ಟು. ಒಂದು ನೂರು ಪುಟದ ನೋಟ್‌ಬುಕ್ ತನ್ನಿ. ಭಾನುವಾರ ಸಂಜೆ ಮಗನ ಜೊತೆ ಅರ್ಧ ಗಂಟೆ ಕೂರಿ. ಈ ವಾರ ಯಾವ ಯಾವ ಪಾಠ ಮುಗಿಯಬೇಕೆಂದು ನೀವು ಹೇಳಿ. ಯಾವ ದಿನ, ಯಾವ ಹೊತ್ತು ಎಂಬುದನ್ನು ಅವನು ಬರೆಯಲಿ, ಅವನದೇ ಅಕ್ಷರದಲ್ಲಿ. "ಗಣಿತ ಓದುವುದು" ಎಂದು ಬರೆದರೆ ಒಪ್ಪಬೇಡಿ. ಗಣಿತ ಓದಿ ಮುಗಿಸಿದವರು ಲೋಕದಲ್ಲಿ ಯಾರೂ ಇಲ್ಲ. "ಭಿನ್ನರಾಶಿ, ಮೊದಲ ಎಂಟು ಲೆಕ್ಕ" ಎಂದು ಬರೆದರೆ, ಮುಗಿಯಿತೋ ಇಲ್ಲವೋ ಎಂಬುದು ಅವನಿಗೇ ಗೊತ್ತಾಗುತ್ತದೆ, ನಿಮ್ಮನ್ನು ಕೇಳಬೇಕಾಗಿಲ್ಲ.

ಪ್ರತಿ ಕೆಲಸದ ಮುಂದೆ ಎರಡು ಅಂಕಣ ಇರಲಿ. ಒಂದರಲ್ಲಿ, ಎಷ್ಟು ಹೊತ್ತು ಹಿಡಿಯಬಹುದೆಂಬ ಅಂದಾಜು. ಇನ್ನೊಂದರಲ್ಲಿ, ನಿಜವಾಗಿ ಹಿಡಿದ ಹೊತ್ತು. ಮಕ್ಕಳಷ್ಟೇ ಅಲ್ಲ, ನಾವೆಲ್ಲರೂ ಇಲ್ಲೇ ಮುಗ್ಗರಿಸುವುದು. ಅರ್ಧ ಗಂಟೆಯಲ್ಲಿ ಪ್ರಬಂಧ ಬರೆದುಬಿಡುತ್ತೇನೆಂದು ಹುಡುಗ ನಂಬಿರುತ್ತಾನೆ. ಎರಡು ವಾರ ಈ ಅಂಕಣಗಳನ್ನು ತುಂಬಿದರೆ ಸಾಕು, ಆ ನಂಬಿಕೆ ತಾನಾಗಿ ಸರಿಹೋಗುತ್ತದೆ, ಯಾರೂ ಗದರಬೇಕಾಗಿಲ್ಲ. ಹಿಂದಿನದನ್ನು ಸರಿಯಾಗಿ ನೆನಪಿಡುವುದೂ ವಿವೇಕದ ಒಂದು ಭಾಗವೆಂದು ಸಂತ ತೋಮಸರು ಎಣಿಸಿದ್ದಾರೆ. ಎರಡನೆಯ ಅಂಕಣ ಆ ನೆನಪಿಗಾಗಿ.

ವಾರದಲ್ಲಿ ಒಂದು ಮಧ್ಯಾಹ್ನವನ್ನಾದರೂ ಖಾಲಿ ಬಿಡಿಸಿ. ನೆಂಟರು ಬರುತ್ತಾರೆ, ಕರೆಂಟು ಹೋಗುತ್ತದೆ, ತಂಗಿಗೆ ಜ್ವರ ಬರುತ್ತದೆ. ಬಿಡುವೇ ಇಲ್ಲದ ಯೋಜನೆ ಮಂಗಳವಾರಕ್ಕೇ ಮುರಿಯುತ್ತದೆ, ಮುರಿದ ಮೇಲೆ ಮಗು ಅದನ್ನು ತಿರುಗಿಯೂ ನೋಡುವುದಿಲ್ಲ.

ಇಲ್ಲಿಯವರೆಗೆ ತಾಯಿ ತಲೆಯಾಡಿಸಿದರು. ಮುಂದಿನ ಮಾತಿಗೆ ಅವರ ಮುಖ ಸಪ್ಪಗಾಯಿತು. ಬುಧವಾರ ಮಗ ಬರೆದುಕೊಂಡದ್ದನ್ನು ಮಾಡದೆ ಕೂತರೆ ನೀವು ಸುಮ್ಮನಿರಬೇಕು ಎಂದೆ. "ಹಾಗಾದ್ರೆ ಹಾಳಾಗಲಿ ಅಂತ ಬಿಡೋದಾ ಸ್ವಾಮಿ?" ಎಂದರು. ಹೌದು, ಒಂದು ವಾರ ಹಾಳಾಗಲಿ. ಹನ್ನೆರಡನೆಯ ವಯಸ್ಸಿನಲ್ಲಿ ಹಾಳಾದ ವಾರ ಅಗ್ಗ. ಹದಿನೇಳರಲ್ಲಿ ಹಾಸ್ಟೆಲಿನ ಕೋಣೆಯಲ್ಲಿ ಒಬ್ಬನೇ ಇರುವಾಗ ಹಾಳಾಗುವ ವರ್ಷ ದುಬಾರಿ. ಆಗ ನೆನಪಿಸಲು ಯಾವ ತಾಯಿಯೂ ಪಕ್ಕದಲ್ಲಿರುವುದಿಲ್ಲ. ಶನಿವಾರ ಇಬ್ಬರೂ ಪುಸ್ತಕ ತೆರೆದು ಕೂರಿ. ಏನು ಮುಗಿಯಿತು, ಏನು ಉಳಿಯಿತು, ಉಳಿದದ್ದನ್ನು ಎಲ್ಲಿಗೆ ಹಾಕೋಣ ಎಂದು ಕೇಳಿ. ಅದು ನ್ಯಾಯಾಲಯವಾಗದಿರಲಿ. ಉಳಿದದ್ದಕ್ಕೆ ದಂಡನೆ ಇದೆಯೆಂದು ತಿಳಿದರೆ, ಮಗು ಮುಂದಿನ ವಾರ ಸುಳ್ಳು ಬರೆಯುವುದನ್ನು ಕಲಿಯುತ್ತದೆ, ಯೋಜಿಸುವುದನ್ನಲ್ಲ.

ಹದಿನಾಲ್ಕರ ಹೊತ್ತಿಗೆ ಲೆಕ್ಕ ದೊಡ್ಡದಾಗುತ್ತದೆ. ಮನೆಯಲ್ಲಿ ಓದುವ ಅನೇಕರು ಹತ್ತನೆಯ ತರಗತಿಯ ಮಟ್ಟದ ಪರೀಕ್ಷೆಯನ್ನು ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಮೂಲಕ ಬರೆಯುತ್ತಾರೆ. 1989ರಲ್ಲಿ ಬೇರೆ ಹೆಸರಿನಲ್ಲಿ ಆರಂಭವಾದ ಈ ಕೇಂದ್ರ ಸಂಸ್ಥೆಯಲ್ಲಿ ಸೇರಲು ಹದಿನಾಲ್ಕು ತುಂಬಿರಬೇಕು. ತೇರ್ಗಡೆಗೆ ಐದು ವಿಷಯ ಬೇಕು. ವರ್ಷಕ್ಕೆ ಎರಡು ಸಲ ಪರೀಕ್ಷೆ ನಡೆಯುತ್ತದೆ. ನೋಂದಣಿ ಐದು ವರ್ಷ ನಡೆಯುವುದರಿಂದ ಐದನ್ನೂ ಒಟ್ಟಿಗೇ ಬರೆಯಬೇಕೆಂದಿಲ್ಲ. ಒಮ್ಮೆ ಎರಡು, ಇನ್ನೊಮ್ಮೆ ಮೂರು ಬರೆಯಬಹುದು. ಈ ಸಡಿಲಿಕೆ ಒಳ್ಳೆಯದೇ. ಆದರೆ ಯೋಜಿಸಲು ಬಾರದ ಮಗುವಿಗೆ ಅದೇ ಉರುಳು. ಐದು ವರ್ಷ ಇದೆಯಲ್ಲ ಎಂಬ ಸಮಾಧಾನದಲ್ಲಿ ಮೊದಲ ವರ್ಷ ಕರಗಿಹೋಗುತ್ತದೆ. ಮನೆಯಲ್ಲಿ ಬರೆದು ಒಪ್ಪಿಸಬೇಕಾದ ನಿಯೋಜಿತ ಕಾರ್ಯಗಳಿಗೂ ಕೊನೆಯ ದಿನಾಂಕ ಇರುತ್ತದೆ. ಅದನ್ನು ಹುಡುಗನೇ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಳ್ಳಲಿ.

ಇಲ್ಲಿ ಹಿಂದಿನಿಂದ ಎಣಿಸುವುದನ್ನು ಕಲಿಸಬೇಕು. ಐದು ವಿಷಯಗಳಿಂದ ನೂರು ಪಾಠ, ಪರೀಕ್ಷೆಗೆ ಇಪ್ಪತ್ತೈದು ವಾರ ಎಂದಿಟ್ಟುಕೊಳ್ಳೋಣ. ವಾರಕ್ಕೆ ನಾಲ್ಕು ಪಾಠ ಎಂದು ಮಗು ಥಟ್ಟನೆ ಹೇಳುತ್ತದೆ. ಪುನರಾವರ್ತನೆಗೆ ಕೊನೆಯ ಐದು ವಾರ ತೆಗೆದಿಡು ಎನ್ನಿ, ಐದಾಯಿತು. ಕ್ರಿಸ್ಮಸ್, ಊರಹಬ್ಬ, ಒಂದು ಮದುವೆ, ಒಂದು ಜ್ವರ ಎಂದು ಮೂರ್ನಾಲ್ಕು ವಾರ ಕಳೆ ಎನ್ನಿ; ಆರಾಯಿತು. ಗೋಪುರ ಕಟ್ಟಲು ಹೊರಟವನು ಮೊದಲು ಕೂತು ಖರ್ಚಿನ ಲೆಕ್ಕ ಹಾಕುವ ಪ್ರಸಂಗ ಸಂತ ಲೂಕರ ಶುಭಸಂದೇಶದಲ್ಲಿ ಬರುತ್ತದೆ. ಈ ಗುಣಾಕಾರ ಭಾಗಾಕಾರವನ್ನು ನೀವು ಮಾಡಿಕೊಡಬೇಡಿ, ಪೆನ್ಸಿಲು ಅವನ ಕೈಯಲ್ಲೇ ಇರಲಿ.

ಮೂರು ತಿಂಗಳ ಮೇಲೆ ಮತ್ತೆ ಆ ಮನೆಗೆ ಹೋಗಿದ್ದೆ. ಗೋಡೆಯ ಪಟ್ಟಿ ಅಲ್ಲೇ ಇತ್ತು, ಆದರೆ ಅರ್ಧ ಮಾತ್ರ ತುಂಬಿತ್ತು. ಉಳಿದರ್ಧ ಹುಡುಗನ ನೋಟ್‌ಬುಕ್ಕಿನಲ್ಲಿತ್ತು. ಅದನ್ನು ಅವನೇ ತಂದು ತೋರಿಸಿದ. ವಿಜ್ಞಾನ, ಸಸ್ಯದ ಚಿತ್ರ: ಅಂದಾಜು 20 ನಿಮಿಷ, ಹಿಡಿದದ್ದು 1 ಗಂಟೆ 10 ನಿಮಿಷ. ಅದರ ಕೆಳಗಿನ ಎರಡು ಕೆಲಸಗಳನ್ನು ಬಾಣದ ಗುರುತು ಹಾಕಿ ಶುಕ್ರವಾರಕ್ಕೆ ತಳ್ಳಿದ್ದ. "ಬಾಣ ಹಾಕು ಅಂತ ಯಾರು ಹೇಳಿದ್ರು?" ಎಂದು ಕೇಳಿದೆ. "ಯಾರೂ ಇಲ್ಲ, ಶುಕ್ರವಾರ ಖಾಲಿ ಇತ್ತಲ್ಲ" ಎಂದ. ತಾಯಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಏನೋ ಹೇಳಲು ಬಾಯಿ ತೆರೆದವರು, ನನ್ನನ್ನು ನೋಡಿ, ಕಾಫಿ ತರಲು ಒಳಗೆ ಹೋದರು.