ಬಿದನೂರು ನಗರದ ಬಾಣ ಕಾರ್ಖಾನೆ: ನೆಲ, ನುಡಿ ಮತ್ತು ದಾಖಲೆ

ಸ್ಥಳನಾಮಗಳು ಅಲಿಖಿತ ಚರಿತ್ರೆಯ ಆಕರಗಳು ಎಂಬ ಮಾತು ಕನ್ನಡ ಸಂಶೋಧನೆಗೆ ಹೊಸದೇನಲ್ಲ. ಹುಬ್ಬಳ್ಳಿಯಲ್ಲಿ ಕೋಟೆ ಕಣ್ಮರೆಯಾದ ಮೇಲೂ ‘ದುರ್ಗದ ಬೈಲು’ ಎಂಬ ಹೆಸರು ಉಳಿದುಕೊಂಡಿದೆ. ಕಮರಿಪೇಟೆಯಂತಹ ಹೆಸರುಗಳಲ್ಲಿ ‘ಪೇಟೆ’ ಎಂಬ ಉತ್ತರಪದವು ಹಳೆಯ ವಸತಿಯ ಸ್ವರೂಪವನ್ನು ಇಂದಿಗೂ ಸೂಚಿಸುತ್ತಿದೆ. ಬೆಂಗಳೂರಿನ ತಾರಾಮಂಡಲಪೇಟೆಯೂ ಈ ಬಗೆಯ ಒಂದು ಹೆಸರು. ಟಿಪ್ಪು ಸುಲ್ತಾನನ ಕಾಲದ ಬಾಣಗಳ ತಯಾರಿಕೆಯೊಂದಿಗೆ ಈ ಹೆಸರನ್ನು ಸಂಬಂಧಿಸಲಾಗುತ್ತದೆ. ಬೆಂಗಳೂರು, ಶ್ರೀರಂಗಪಟ್ಟಣ, ಚಿತ್ರದುರ್ಗ ಹಾಗೂ ಬಿದನೂರು ನಗರ ಎಂಬ ನಾಲ್ಕು ಕಡೆ ಇಂತಹ ತಾರಾಮಂಡಲಗಳಿದ್ದವೆಂದು ಹೇಳಲಾಗಿದೆ. ಇವುಗಳಲ್ಲಿ ಬಿದನೂರು ನಗರದ ನೆಲವನ್ನು ಕೇಂದ್ರವಾಗಿಟ್ಟುಕೊಂಡು, ಅದು ಆಯುಧಗಳನ್ನು ಕೂಡಿಟ್ಟ ಸ್ಥಳವೇ ಅಥವಾ ತಯಾರಿಸಿದ ಸ್ಥಳವೇ ಎಂಬ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

1. ರಾಜಧಾನಿಯಿಂದ ಆಯುಧಾಗಾರಕ್ಕೆ

ಇಂದಿನ ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನಲ್ಲಿರುವ ನಗರವು ಹದಿನೇಳನೆಯ ಶತಮಾನದ ನಡುಭಾಗದಿಂದ ಕೆಳದಿ ಅರಸರ ರಾಜಧಾನಿಯಾಗಿತ್ತು. 1763ರಲ್ಲಿ ಹೈದರ್ ಅಲಿಯು ರಾಣಿ ವೀರಮ್ಮಾಜಿಯಿಂದ ಇದನ್ನು ವಶಪಡಿಸಿಕೊಂಡು ಹೈದರ್‌ನಗರವೆಂದು ಕರೆದನು. ಇಲ್ಲಿ ಅವನ ಟಂಕಸಾಲೆಯಿತ್ತು. ಅವನ ಪ್ರಧಾನ ಆಯುಧಾಗಾರವೂ ಇಲ್ಲಿಯೇ ಇದ್ದು, ಶಸ್ತ್ರಗಳ ಹಾಗೂ ಮದ್ದುಗುಂಡುಗಳ ತಯಾರಿಕೆಯಲ್ಲಿ ಬಹುಜನರು ತೊಡಗಿದ್ದರೆಂಬ ವಿವರ ಬಿ. ಎಲ್. ರೈಸರ ಮೈಸೂರು ಗೆಜೆಟಿಯರಿನಲ್ಲಿ ದೊರೆಯುತ್ತದೆ. 1783ರ ಆರಂಭದಲ್ಲಿ ಜನರಲ್ ಮ್ಯಾಥ್ಯೂಸನ ಸೇನೆ ನಗರವನ್ನು ಹಿಡಿಯಿತು. ಅದೇ ವರ್ಷ ಟಿಪ್ಪು ಅದನ್ನು ಮರಳಿ ಪಡೆದನು. ಕೆಲವೇ ತಿಂಗಳ ಅಂತರದಲ್ಲಿ ನಡೆದ ಈ ಎರಡು ಘಟನೆಗಳು ಮೈಸೂರಿಗೆ ನಗರ ಎಷ್ಟು ಮುಖ್ಯವಾಗಿತ್ತೆಂಬುದನ್ನು ಸ್ಪಷ್ಟಪಡಿಸುತ್ತವೆ.

ಈ ಮಹತ್ವಕ್ಕೆ ಸಂಪತ್ತಿನ ಜೊತೆಗೆ ಬೇರೊಂದು ಕಾರಣವೂ ಇದೆ. ಮೈಸೂರು ರಾಜ್ಯದ ಉತ್ತರ ಗಡಿ ಧಾರವಾಡದವರೆಗೆ ಚಾಚಿತ್ತು. 1790ರ ಸೆಪ್ಟೆಂಬರಿನಿಂದ 1791ರ ಏಪ್ರಿಲ್‌ವರೆಗೆ ಪರಶುರಾಮ ಭಾವೂ ಪಟವರ್ಧನನ ಮರಾಠಾ ಸೇನೆ ಹಾಗೂ ಕ್ಯಾಪ್ಟನ್ ಲಿಟಲ್‌ನ ತುಕಡಿ ಧಾರವಾಡ ಕೋಟೆಯನ್ನು ಮುತ್ತಿದಾಗ, ಬದ್ರುಜ್ಜಮಾನ್ ಖಾನನು ಆರು ತಿಂಗಳಿಗೂ ಮಿಕ್ಕಿ ಅದನ್ನು ಕಾಯ್ದನು. ಇಷ್ಟು ದೀರ್ಘಕಾಲದ ಪ್ರತಿರೋಧಕ್ಕೆ ಸೈನಿಕರ ಶೌರ್ಯದಷ್ಟೇ ಮದ್ದುಗುಂಡುಗಳ ದಾಸ್ತಾನೂ ಅವಶ್ಯಕವಾಗಿರುತ್ತದೆ. ಯುದ್ಧಗಳ ಚರಿತ್ರೆಯ ಹಿಂದೆ ಹೀಗೆ ಕಾರ್ಖಾನೆಗಳ ಚರಿತ್ರೆಯೊಂದು ಅಡಗಿರುವುದನ್ನು ಗಮನಿಸಬೇಕು.

2. ಬಾವಿಯೊಳಗಿನ ದಾಖಲೆ

ನಗರದ ನೆಲ ತಾನೇ ಸಾಕ್ಷ್ಯ ನುಡಿದದ್ದು ಇತ್ತೀಚೆಗೆ. 2002ರಲ್ಲಿ ಇಲ್ಲಿಯ ಬತ್ತಿದ ಬಾವಿಯೊಂದರಿಂದ ನೂರಕ್ಕೂ ಹೆಚ್ಚು ಕಬ್ಬಿಣದ ಕೊಳವೆಗಳು ದೊರೆತವು. ಅವು ಯುದ್ಧದ ಬಾಣಗಳೆಂಬುದು ನಂತರದ ವರ್ಷಗಳಲ್ಲಿ ಖಚಿತವಾಯಿತು. 2018ರ ಜುಲೈ ತಿಂಗಳಿನಲ್ಲಿ ಪುರಾತತ್ವ ಇಲಾಖೆಯು ನಗರದಲ್ಲಿ ಬಾವಿಯೊಂದನ್ನು ಶೋಧಿಸಿದಾಗ ತುಕ್ಕು ಹಿಡಿದ ಸಾವಿರಕ್ಕೂ ಹೆಚ್ಚು ಬಾಣಗಳು ಹೊರಬಂದವು. ಬಾವಿಯ ಮಣ್ಣಿನಲ್ಲಿ ಮದ್ದಿನ ವಾಸನೆಯಿದ್ದುದೇ ಈ ಶೋಧಕ್ಕೆ ಸುಳಿವಾಯಿತೆಂದು ಆಗ ವರದಿಯಾಗಿತ್ತು. ಬಾಣಗಳ ಉದ್ದ 23ರಿಂದ 26 ಸೆಂಟಿಮೀಟರ್. ಇಂಗ್ಲೆಂಡಿನ ವೂಲ್‌ವಿಚ್ ಸಂಗ್ರಹದಲ್ಲಿದ್ದ ಮೈಸೂರಿನ ಎರಡು ಬಾಣಗಳಲ್ಲಿ ದೊಡ್ಡದರ ಕೊಳವೆಯೂ ಸುಮಾರು 25 ಸೆಂಟಿಮೀಟರ್ ಉದ್ದವಿದೆ. ಈ ಹೋಲಿಕೆ ಆಕಸ್ಮಿಕವೆನಿಸುವುದಿಲ್ಲ. ಒಂದು ನಿಶ್ಚಿತ ಅಳತೆಗೆ ಅನುಗುಣವಾಗಿ ತಯಾರಿಕೆ ನಡೆಯುತ್ತಿದ್ದಿತೆಂದು ಇದರಿಂದ ಊಹಿಸಬಹುದು.

ಮೈಸೂರಿನ ಬಾಣದ ವಿಶೇಷವಿದ್ದುದು ಅದರ ಕೊಳವೆಯಲ್ಲಿ. ಕಾಗದದ ಅಥವಾ ಬಿದಿರಿನ ಕೊಳವೆ ತಡೆಯಲಾರದ ಒತ್ತಡವನ್ನು ಬಡಿದು ಮಾಡಿದ ಮೆದುಕಬ್ಬಿಣದ ಕೊಳವೆ ತಡೆಯಬಲ್ಲುದು. ಆದುದರಿಂದ ಮದ್ದನ್ನು ಬಿಗಿಯಾಗಿ ತುಂಬಲು ಸಾಧ್ಯವಾಗಿ, ಬಾಣ ಹೆಚ್ಚು ದೂರ ಹಾರುತ್ತಿತ್ತು. ಕೊಳವೆಯನ್ನು ಬಿದಿರಿನ ಗಳಕ್ಕೋ ಕತ್ತಿಗೋ ಚರ್ಮದ ಪಟ್ಟಿಯಿಂದ ಕಟ್ಟಲಾಗುತ್ತಿತ್ತು. ಇಂತಹದೊಂದು ಬಾಣಕ್ಕೆ ಕಬ್ಬಿಣ ಕರಗಿಸುವವರು, ಕಮ್ಮಾರರು, ಇದ್ದಿಲು ಸುಡುವವರು, ಮಣ್ಣಿನಿಂದ ಪೆಟ್ಲುಪ್ಪು ತೆಗೆಯುವವರು, ಬಿದಿರು ಕಡಿಯುವವರು, ಚರ್ಮ ಹದಮಾಡುವವರು ಬೇಕಾಗಿದ್ದರು. ಇವುಗಳಲ್ಲಿ ಇದ್ದಿಲು ಮತ್ತು ಬಿದಿರು ಮಲೆನಾಡಿನಲ್ಲಿ ಹೇರಳವಾಗಿದ್ದವು. ಕಬ್ಬಿಣ ಕರಗಿಸುವ ಕಸುಬು ಮೈಸೂರು ಸೀಮೆಯಲ್ಲಿ ವ್ಯಾಪಕವಾಗಿದ್ದುದನ್ನು 1800-01ರಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ದಾಖಲಿಸಿದ್ದಾನೆ.

ಬಾವಿಯಲ್ಲಿ ದೊರೆತ ಬಾಣಗಳು ತಾವಾಗಿಯೇ ಕಾರ್ಖಾನೆಯ ಅಸ್ತಿತ್ವವನ್ನು ಸಾಬೀತುಪಡಿಸಲಾರವು. ಅವನ್ನು ಬೇರೆಡೆಯಿಂದ ತಂದು ಅಡಗಿಸಿರಲೂಬಹುದು. ಆದರೆ ಗೆಜೆಟಿಯರಿನ ಹೇಳಿಕೆ, ಕಚ್ಚಾವಸ್ತುಗಳ ಸಾಮೀಪ್ಯ ಹಾಗೂ ದೊರೆತ ಬಾಣಗಳ ಸಂಖ್ಯೆ ಇವು ಮೂರನ್ನೂ ಒಟ್ಟಾಗಿ ನೋಡಿದಾಗ, ನಗರವು ಉಗ್ರಾಣವಷ್ಟೇ ಆಗಿರದೆ ಉತ್ಪಾದನಾ ಕೇಂದ್ರವೂ ಆಗಿತ್ತೆಂಬ ನಿಲುವಿಗೆ ಹೆಚ್ಚಿನ ಬಲ ಬರುತ್ತದೆ. ಕುಲುಮೆಯ ಕಿಟ್ಟ, ಊದುಗೊಳವೆಯ ಚೂರುಗಳಂತಹ ಅವಶೇಷಗಳ ಶೋಧ ಈ ನಿಟ್ಟಿನಲ್ಲಿ ನಿರ್ಣಾಯಕವಾಗಬಲ್ಲುದು.

3. ‘ಬಾಣ’ದಿಂದ ‘ರಾಕೆಟ್’ವರೆಗೆ

ಕನ್ನಡದ ಅಧ್ಯಯನಕಾರರಿಗೆ ಇಲ್ಲಿ ಮುಖ್ಯವಾದ ಶಬ್ದಾರ್ಥದ ಸಮಸ್ಯೆಯೊಂದಿದೆ. ‘ಬಾಣ’ ಎಂದರೆ ಬಿಲ್ಲಿನಿಂದ ಬಿಡುವ ಅಂಬು; ಮದ್ದಿನ ಬಲದಿಂದ ಹಾರುವ ಅಸ್ತ್ರವೂ ಹೌದು. ‘ಬಾಣಬಿರುಸು’ ಎಂಬ ಜೋಡುನುಡಿಯಲ್ಲಿ ಎರಡನೆಯ ಅರ್ಥ ಇಂದಿಗೂ ಜೀವಂತವಾಗಿದೆ. ಹದಿನೇಳು, ಹದಿನೆಂಟನೆಯ ಶತಮಾನದ ಚಾರಿತ್ರಿಕ ಕಾವ್ಯ, ಕೈಫಿಯತ್ತು, ಲಾವಣಿಗಳಲ್ಲಿ ಬರುವ ‘ಬಾಣ’ವನ್ನು ಕವಿಸಮಯದ ಅಂಬೆಂದು ಓದಿ ಮುಂದೆ ಸಾಗುವುದು ವಾಡಿಕೆ. ಲಿಂಗಣ್ಣ ಕವಿಯ ‘ಕೆಳದಿನೃಪವಿಜಯ’ದಂತಹ ಕೃತಿಗಳನ್ನು ಈ ಎರಡು ಅರ್ಥಗಳನ್ನೂ ಮನಸ್ಸಿನಲ್ಲಿಟ್ಟುಕೊಂಡು ಮರಳಿ ಓದಬೇಕಾಗಿದೆ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರಿನ ಬಾಣಗಳು ಇಂಗ್ಲೆಂಡಿಗೆ ಸಾಗಿದವು. ವಿಲಿಯಂ ಕಾಂಗ್ರೀವನು 1804ರಿಂದ ವೂಲ್‌ವಿಚ್‌ನಲ್ಲಿ ಪ್ರಯೋಗಗಳನ್ನು ನಡೆಸಿದನು. 1807ರಲ್ಲಿ ಕೋಪನ್‌ಹೇಗನ್ ನಗರ ಅಂತಹ ಅಸ್ತ್ರಗಳಿಂದ ಉರಿಯಿತು. ಅಲ್ಲಿಂದ ಈ ಅಸ್ತ್ರದ ಚರಿತ್ರೆ ಕಾಂಗ್ರೀವನ ಹೆಸರಿನಲ್ಲಿ ಬೆಳೆಯಿತು; ನಾವೂ ನಮ್ಮ ‘ಬಾಣ’ವನ್ನು ‘ರಾಕೆಟ್’ ಎಂಬ ಎರವಲು ಪದದಿಂದಲೇ ಗುರುತಿಸತೊಡಗಿದೆವು. ವಸ್ತುವಿನೊಂದಿಗೆ ಅದರ ಹೆಸರೂ ಕೈಬಿಟ್ಟುಹೋದುದಕ್ಕೆ ಇದೊಂದು ನಿದರ್ಶನ.

4. ಸಮಾರೋಪ

ಟಿಪ್ಪುವಿನ ಬಗೆಗಿನ ಚರ್ಚೆ ಹೊಗಳಿಕೆ ಮತ್ತು ತೆಗಳಿಕೆಗಳ ನಡುವೆ ತೂಗಾಡುತ್ತಿರುವ ಸಂದರ್ಭದಲ್ಲಿ ನಗರದ ಬಾವಿಗಳು ಬೇರೊಂದು ಪ್ರಶ್ನೆಯನ್ನು ಮುಂದಿಡುತ್ತವೆ. ಈ ಸಾವಿರ ಕೊಳವೆಗಳನ್ನು ಬಡಿದ ಕೈಗಳು ಯಾರವು? ಅರಸರ ಹೆಸರು ಗೆಜೆಟಿಯರಿನಲ್ಲಿದೆ, ಕಾಂಗ್ರೀವನ ಹೆಸರು ವಿಶ್ವಕೋಶಗಳಲ್ಲಿದೆ. ಕಮ್ಮಾರನ ಹೆಸರು ಎಲ್ಲಿಯೂ ಇಲ್ಲ. ಉಳಿದಿರಬಹುದಾದುದು ಕೇರಿ, ಹೊಲ, ಕೆರೆಗಳ ಹೆಸರುಗಳಲ್ಲಿ ಮತ್ತು ಮನೆತನಗಳ ನೆನಪಿನಲ್ಲಿ ಮಾತ್ರ. ಆದರೆ ಶರಾವತಿ, ವಾರಾಹಿ, ಚಕ್ರಾ ಯೋಜನೆಗಳ ಹಿನ್ನೀರಿನಿಂದ ಹೊಸನಗರ ತಾಲ್ಲೂಕಿನ ಅನೇಕ ಹಳ್ಳಿಗಳು ಮುಳುಗಿ, ಜನರು ಚದುರಿಹೋಗಿದ್ದಾರೆ. 2017ರಲ್ಲಿ ಶ್ರೀರಂಗಪಟ್ಟಣದ ಮದ್ದಿನ ಮನೆಯೊಂದನ್ನು ಜೋಡಿ ರೈಲುಮಾರ್ಗಕ್ಕಾಗಿ ಇಡಿಯಾಗಿ ಎತ್ತಿ ಬೇರೆಡೆಗೆ ಸರಿಸಿ ಉಳಿಸಿಕೊಳ್ಳಲಾಯಿತು. ಕಟ್ಟಡವನ್ನು ಹಾಗೆ ಸರಿಸಬಹುದು. ಊರು ಮುಳುಗಿದ ಮೇಲೆ ಹೊಲದ ಹೆಸರನ್ನು ಸರಿಸಿ ಉಳಿಸಲಾಗದು. ಆದುದರಿಂದ ನಗರ ಹೋಬಳಿಯ ಸೂಕ್ಷ್ಮ ಸ್ಥಳನಾಮಗಳ ಹಾಗೂ ಮೌಖಿಕ ಸಾಮಗ್ರಿಯ ಸಂಗ್ರಹವು ಪುರಾತತ್ವ ಶೋಧದಷ್ಟೇ ತುರ್ತಿನ ಕಾರ್ಯವಾಗಿದೆ. ಈ ಹೊಣೆ ಕನ್ನಡ ಅಧ್ಯಯನ ವಿಭಾಗಗಳ ಮೇಲಿದೆ ಎಂಬುದನ್ನು ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ.